ದೋಣಿ ನಿಲ್ಲಿಸಿದ ಮೇಸ್ತ್ರಿ

ಅವರ ಮೂಗಿನ ಮೇಲೆ ಸದಾ ಒಂದು ಕಪ್ಪು ಗೀಟು ಇರುತ್ತಿತ್ತು. ಕನ್ನಡಕದ ಒಂದು ಕಡ್ಡಿ ಯಾವತ್ತೋ ಮುರಿದು, ಅದರ ಜಾಗಕ್ಕೆ ಮಗ್ಗದ ನೂಲು ಬಂದಿತ್ತು. ನೂಲು ಸಡಿಲವಾದಾಗ ಕನ್ನಡಕ ಜಾರುತ್ತಿತ್ತು. ಜಾರಿದಾಗಲೆಲ್ಲ ಗ್ರೀಸು ಮೆತ್ತಿದ ತೋರುಬೆರಳಿನಿಂದ ಮೇಲಕ್ಕೆ ತಳ್ಳಿಕೊಳ್ಳುತ್ತಿದ್ದರು. ಹಣೆಯ ಮೇಲೆ ವಿಭೂತಿ, ಮೂಗಿನ ಮೇಲೆ ಗ್ರೀಸು. ಅವರು ಯಾವುದಾದರೂ ಮದುವೆಗೆ ಹೊರಟರೆ ಹೆಂಡತಿ ಸೀಮೆಎಣ್ಣೆ ಅದ್ದಿದ ಬಟ್ಟೆ ಹಿಡಿದು ಬಾಗಿಲಲ್ಲೇ ಅಡ್ಡ ನಿಂತಿರುತ್ತಿದ್ದರು.

"ಬನ್ನಿ ಇಲ್ಲಿ. ಮೂಗು ಕೊಡಿ."

"ಇರ್ಲಿ ಬಿಡೇ. ಗುರುತು ಸಿಗ್ಬೇಕಲ್ಲ ಜನಕ್ಕೆ."

ದೊಡ್ಡಬಳ್ಳಾಪುರದ ನೇಕಾರರ ಬೀದಿಯೊಂದರಲ್ಲಿ ಅವರ ಅಂಗಡಿ. ಅಂಗಡಿಗೆ ಹೆಸರಿರಲಿಲ್ಲ, ಬೋರ್ಡೂ ಇರಲಿಲ್ಲ. ಎರಡು ಕಡೆಯೂ ವಿದ್ಯುತ್ ಮಗ್ಗಗಳು ಖಟಖಟ ಎನ್ನುತ್ತಿದ್ದ ಗದ್ದಲದ ನಡುವೆ ಮಗ್ಗದ ಮೋಟಾರಿಗೆ ತಂತಿ ಸುತ್ತುವುದು, ಬಾವಿಯ ಪಂಪ್‌ಸೆಟ್ಟು ರಿಪೇರಿ, ಕೆಟ್ಟ ರೇಡಿಯೋ ಬಂದರೆ ಅದೂ. ಸುತ್ತಲಿನ ಊರಿನವರೆಲ್ಲ ಅವರನ್ನು ಮೇಸ್ತ್ರಿ ಎನ್ನುತ್ತಿದ್ದರು. ನಾನೂ ಕೊನೆಯವರೆಗೆ ಹಾಗೇ ಕರೆದೆ. ಅವರ ಹೆಂಡತಿಯನ್ನು ಅತ್ತಿಗೆ ಎನ್ನುತ್ತಿದ್ದೆ.

ನನಗೆ ಅವರ ಪರಿಚಯವಾದದ್ದು ನಾನು ಮಾಡಿದ ಒಂದು ಘನಂದಾರಿ ತಪ್ಪಿನಿಂದ.

ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ದೊಡ್ಡಬಳ್ಳಾಪುರಕ್ಕೆ ಹತ್ತಿರದ ಮಧುರೆ ಕಡೆಯ ಒಂದು ಕೆರೆಯಲ್ಲಿ ಮೀನು ಸಾಕುತ್ತಿದ್ದ ಸಂಘವೊಂದರಲ್ಲಿ ನಾನು ದೋಣಿ ನಡೆಸುವ ಹಂಗಾಮಿ ಕೆಲಸಕ್ಕೆ ಸೇರಿದ್ದೆ. ನಮ್ಮಪ್ಪನಿಗೆ ಒಂದು ತುಂಡು ಹೊಲ, ಮೂವರು ಗಂಡುಮಕ್ಕಳು, ಮೂರನೆಯವನು ನಾನು. ಹೊಲದಲ್ಲಿ ನನಗೆ ಜಾಗವಿಲ್ಲವೆಂಬುದು ಯಾರೂ ಬಾಯಿಬಿಟ್ಟು ಹೇಳದೆಯೇ ಗೊತ್ತಿತ್ತು. ಈ ಕೆಲಸ ಕಾಯಂ ಆದರೆ ನಾನೊಬ್ಬ ಮನುಷ್ಯ, ಇಲ್ಲದಿದ್ದರೆ ಅಣ್ಣಂದಿರ ಮನೆಯಲ್ಲಿ ಅನ್ನಕ್ಕೆ ಕೂತವನು.

ಆ ವರ್ಷ ಮಳೆ ಚೆನ್ನಾಗಿ ಬಿದ್ದು ಕೆರೆ ಕೋಡಿ ಹರಿದಿತ್ತು. ಆಚೆ ದಡದ ಹಳ್ಳಿಯ ಮಕ್ಕಳು ಈಚೆ ದಡದ ಶಾಲೆಗೆ ಬರಬೇಕಾದರೆ ಏರಿಯನ್ನೆಲ್ಲ ಸುತ್ತಿ ಬರಬೇಕು. ಸಂಘದ ಅಧ್ಯಕ್ಷರಾಗಿದ್ದ ಗೌಡರಿಗೆ ಒಂದು ಆಸೆ ಹುಟ್ಟಿತು. ದೋಣಿಗೆ ಮೋಟಾರು ಕೂರಿಸಿದರೆ ಮೀನಿನ ಕೆಲಸಕ್ಕೂ ಆಯಿತು, ಬೆಳಿಗ್ಗೆ ಸಂಜೆ ಮಕ್ಕಳನ್ನು ದಾಟಿಸುವುದಕ್ಕೂ ಆಯಿತು. ಬೆಂಗಳೂರಿನ ಹರಾಜಿನಲ್ಲಿ ಒಂದು ಮೋಟಾರು ಕೊಂಡು ತಂದೇಬಿಟ್ಟರು. ದೋಣಿಯ ಹಿಂಬದಿಯ ಹಲಗೆಗೆ ತಗುಲಿಹಾಕುವಂಥದು. ಮೇಲೆ ದಪ್ಪ ತಲೆ, ಕೆಳಗೆ ಉದ್ದನೆಯ ಕಾಲು, ಕಾಲಿನ ತುದಿಯಲ್ಲಿ ಮೂರು ಎಸಳಿನ ಫ್ಯಾನು. ಅದು ಓಡಿದರೆ ನನ್ನ ಕೆಲಸವೂ ಕಾಯಂ ಎಂದು ಸಂಘದ ಕಾರ್ಯದರ್ಶಿ ನನ್ನ ಬೆನ್ನು ತಟ್ಟಿದರು.

ನಮ್ಮ ಕಡೆ ಹೊಸ ಪಂಪ್‌ಸೆಟ್ಟು ಬಂದರೆ ಒಂದು ಕ್ರಮವಿದೆ. ಮೊದಲು ಅಂಗಳದಲ್ಲಿಟ್ಟು ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ನಾಲ್ಕು ಜನರ ಎದುರಿಗೆ ಸ್ಟಾರ್ಟ್ ಮಾಡಿ ಹೊಗೆ ನೋಡಬೇಕು. ಬಾವಿಗೆ ಇಳಿಸುವುದು ಆಮೇಲೆ. ನಾನು ದೋಣಿ ಮೋಟಾರಿಗೂ ಅದೇ ಗೌರವ ಸಲ್ಲಿಸಿದೆ. ಎತ್ತಿನ ಗಾಡಿಯ ಹಿಂದಿನ ಹಲಗೆಗೆ ಅದನ್ನು ಬಿಗಿದು, ಹೂವು ಮುಡಿಸಿ, ಹಗ್ಗ ಎಳೆದೆ. ಒಂದೇ ಎಳೆತಕ್ಕೆ ಹೊತ್ತಿಕೊಂಡಿತು. ಜನ ಕೇಕೆ ಹಾಕಿದರು. ಪೂಜಾರಿ ಮಂತ್ರ ಹೇಳಿ ಮುಗಿಸುವವರೆಗೂ ಅದು ಒಣ ಗಾಳಿಯಲ್ಲಿ ಭರ್ರೆಂದು ಓಡಿತು. ಏನೋ ಸುಟ್ಟ ವಾಸನೆ ಬಂತು. ಹೊಸ ಯಂತ್ರದ ವಾಸನೆ ಹೀಗೇ ಇರುತ್ತದೆಂದು ನಾನೇ ಎಲ್ಲರಿಗೂ ವಿವರಿಸಿದೆ.

ಮಾರನೆಯ ದಿನ ಕೆರೆಗಿಳಿಸಿದರೆ ಹತ್ತು ಮಾರು ಹೋಗುವಷ್ಟರಲ್ಲಿ ಕಾದ ಹಂಚಿನಂತಾಗಿ ನಿಂತಿತು. ಉದ್ಘಾಟನೆಗೆ ಎಂಟು ದಿನ ಇತ್ತು. ಮೋಟಾರನ್ನು ಗೋಣಿಯಲ್ಲಿ ಸುತ್ತಿ, ಬಸ್ಸಿನ ಮೇಲೆ ಹಾಕಿಸಿಕೊಂಡು, ದೊಡ್ಡಬಳ್ಳಾಪುರದ ಮೇಸ್ತ್ರಿಯ ಅಂಗಡಿಯ ಮುಂದೆ ಇಳಿಸಿದೆ.

ಅವರು ಮೊದಲು ಮಾಡಿದ ಕೆಲಸ, ಕಿಡಿ ಕೊಡುವ ತಂತಿಯನ್ನು ಕಿತ್ತು ದೂರಕ್ಕೆ ಮಡಚಿದ್ದು. ಆಮೇಲೆ ಫ್ಯಾನಿನ ಮೇಲೆ ಕೈಯಿಟ್ಟರು. "ಇದು ಸತ್ತಿದೆ ಅಂತ ನಂಬ್ಕೊಂಡು ಕೈ ಇಟ್ಟೋರು ಬೆರಳು ಹುಡುಕ್ಕೊಂಡು ಹೋಗಿದಾರೆ" ಎಂದರು. ಕಾಲನ್ನು ಬಿಚ್ಚಿ, ಒಳಗಿನಿಂದ ಕರಕಲಾದ ಒಂದು ಸಣ್ಣ ರಬ್ಬರ್ ಚಕ್ರವನ್ನು ತೆಗೆದರು. ಅದರ ರೆಕ್ಕೆಗಳು ಉದುರಿದ್ದವು.

"ನೀರಿಲ್ದೆ ಓಡ್ಸಿದ್ಯಾ?"

"ಇಲ್ಲ ಮೇಸ್ತ್ರಿಗಳೇ."

ಚಕ್ರವನ್ನು ನನ್ನ ಮೂಗಿಗೆ ಹಿಡಿದರು. "ಮೂಸು."

"ಸುಟ್ಟ ವಾಸ್ನೆ."

"ಯಾರು ಸುಟ್ಟಿದ್ದು? ಕೆರೆ ಸುಡ್ತಾ?"

ನಾನು ನೆಲ ನೋಡಿದೆ. "ಪೂಜೆ ಮಾಡಿದ್ವಿ. ಒಂಚೂರು ಹೊತ್ತು ಅಷ್ಟೇ..."

"ಒಂಚೂರು ಅಂದ್ರೆ?"

"ಮಂಗಳಾರತಿ ಆಗೋವರ್ಗೂ."

"ಕರ್ಪೂರ ಹಚ್ಚಿದ್ರಾ? ಪೆಟ್ರೋಲ್ ಪಕ್ಕದಲ್ಲಿ?" ಮೇಸ್ತ್ರಿ ಕನ್ನಡಕ ಮೇಲಕ್ಕೆ ತಳ್ಳಿ ನನ್ನನ್ನು ಪೂರಾ ನೋಡಿದರು. "ನೀವೆಲ್ಲ ಉಳ್ಕೊಂಡಿದೀರಲ್ಲಪ್ಪಾ! ಪೂಜೆ ಫಲಿಸಿದೆ ಬಿಡು."

ಒಳಗಿನಿಂದ ಅತ್ತಿಗೆಯ ನಗು ಕೇಳಿಸಿತು. ಒಂದು ಲೋಟ ಕಾಫಿ ಬಂತು. ನಾನು ಅಲ್ಲೇ ಉಳಿದೆ, ಎಂಟು ದಿನ.

ಆ ಎಂಟು ದಿನ ನನಗೆ ಶಾಲೆ. ಹಿತ್ತಲಲ್ಲಿ ಒಂದು ಡಾಂಬರಿನ ಡ್ರಮ್ಮಿತ್ತು, ಬಾಯಿ ಕೊರೆದು ಉಜ್ಜಿಟ್ಟದ್ದು. ಅದರ ಅಂಚಿಗೆ ಒಂದು ಹಲಗೆ ಬಿಗಿದು, ಫ್ಯಾನು ಬಿಚ್ಚಿಟ್ಟು, ಮೋಟಾರಿನ ಕಾಲನ್ನು ನೀರಿನಲ್ಲಿ ಮುಳುಗಿಸಿಯೇ ಓಡಿಸಬೇಕು. "ನಿಮ್ಮ ಬಾವಿ ಎಂಜಿನ್ನಿನ ಹೊಟ್ಟೆಗೆ ನೀರು ನೀವು ಹುಯ್ತೀರಾ. ಇದು ಹಂಗಲ್ಲ, ತಾನೇ ಕುಡೀಬೇಕು. ಆ ರಬ್ಬರ್ ಚಕ್ರ ಇದರ ಗಂಟ್ಲು. ನೀನು ಗಂಟ್ಲು ಸುಟ್ಟೆ" ಎಂದರು. ಓಡುವ ಮೋಟಾರಿನ ಪಕ್ಕದ ಸಣ್ಣ ತೂತಿನಿಂದ ನೀರು ಹೊರಗೆ ಚಿಮ್ಮಬೇಕು. ಕುಡಿದದ್ದು ಮೈಯೆಲ್ಲ ಸುತ್ತಿ ಬಂದಿದೆ ಎಂಬುದಕ್ಕೆ ಅದೊಂದೇ ಸಾಕ್ಷಿ. "ಮಗು ಉಚ್ಚೆ ಹುಯ್ದಂಗೆ ಬರ್ಬೇಕು ನೋಡು. ತೊಟ್ಟಿಕ್ಕಿದ್ರೆ ನಿಲ್ಸು. ನಿಂತೋದ್ರೆ ತಕ್ಷಣ ನಿಲ್ಸು."

ಪೆಟ್ರೋಲಿನ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು. ಟ್ಯಾಂಕನ್ನು ದೋಣಿಯೊಳಗಿಟ್ಟು ತುಂಬಿಸುವಂತಿಲ್ಲ, ದಡಕ್ಕೆ ತಂದು ತುಂಬಿಸಬೇಕು. ಬೀಡಿ ಸೇದುವವರನ್ನು ಆಚೆ ಬೀದಿಯವರೆಗೆ ಓಡಿಸುತ್ತಿದ್ದರು. ಸ್ಟಾರ್ಟ್ ಮಾಡುವ ಮುಂಚೆ ದೋಣಿಯ ತಳದ ಹಲಗೆ ಎತ್ತಿ, ಬಗ್ಗಿ, ಮೂಗು ಒಳಗಿಟ್ಟು ಮೂಸಬೇಕು. "ಪೆಟ್ರೋಲ್ ಆವಿ ಸೋಮಾರಿ ಕಣಪ್ಪಾ. ಮೇಲೆ ಏಳಲ್ಲ, ಹೋಗಿ ತಳದಲ್ಲಿ ಕೂತಿರ್ತದೆ. ನಿಂತ್ಕೊಂಡು ಮೂಸಿದ್ರೆ ಸಿಗಲ್ಲ." ಒಂದು ದಿನ ಕೆರೆಗೇ ಬಂದು ದೋಣಿಯ ದೀಪಕ್ಕೂ ಹಾರನ್ನಿಗೂ ತಂತಿ ಎಳೆಯುವಾಗ ಬ್ಯಾಟರಿಯನ್ನು ಎತ್ತರದಲ್ಲಿಟ್ಟು, ಅದರ ಪಕ್ಕದಲ್ಲೇ ಫ್ಯೂಸ್ ಕೂರಿಸಿ, ಒಂದೊಂದು ಗಂಟಿಗೂ ಬೆಸುಗೆ ಹಾಕಿ, ಬಟ್ಟೆ ಸುತ್ತಿ, ಮೇಲೆ ಅರಗು ಕರಗಿಸಿ ಬಿಟ್ಟರು. ಬರೀ ತಿರುಚಿ ಬಿಟ್ಟ ಗಂಟು ಕಣ್ಣಿಗೆ ಬಿದ್ದರೆ ಅದನ್ನು ಮಾಡಿದವನ ಮನೆತನವನ್ನೇ ವಿಚಾರಿಸುತ್ತಿದ್ದರು.

ಅವರ ತಲೆಯ ಚುರುಕು ನನಗೆ ಗೊತ್ತಾದದ್ದು ಒಂದು ಮಧ್ಯಾಹ್ನ. ಪಕ್ಕದ ಮನೆಯ ಮಗ್ಗ ಖಟ್ಟೆಂದು ನಿಂತಿತು.

"ಯಾಕೆ ನಿಂತೋಯ್ತು ಹೇಳು" ಎಂದರು.

"ಕರೆಂಟ್ ಹೋಯ್ತೇನೋ."

"ಅಡ್ಡ ಹೋಗೋ ಹೊಕ್ಕಿನ ನೂಲು ಕಡೀತು. ನೂಲು ಕಡಿದ್ರೆ ಅಲ್ಲೊಂದು ಸಣ್ಣ ಮುಳ್ಳು ಬಂದು ಮಗ್ಗಾನ ನಿಲ್ಲಿಸ್ಬಿಡ್ತದೆ. ಇಲ್ದಿದ್ರೆ ಬಟ್ಟೆ ಇಲ್ದೆ ಬರೀ ಉದ್ದನೂಲಿನ ಹಾಸು ನೇಯ್ಕೊಂಡು ಹೋಗ್ತಿತ್ತು, ಮೂರ್ಖನ ಥರ." ಅಷ್ಟು ಹೇಳಿ ಸುಮ್ಮನೆ ಕೂತರು. ಕೈಯಲ್ಲಿದ್ದ ಕಾಫಿ ಆರಿಹೋಯಿತು. ಆಮೇಲೆ ಎದ್ದು, ಒಂದು ಹಿತ್ತಾಳೆ ಪಟ್ಟಿ ಕತ್ತರಿಸಿ ಬಗ್ಗಿಸಿ, ಮೋಟಾರಿನ ಕಿಡಿ ಹುಟ್ಟುವ ತಂತಿಗೆ ಸೇರಿಸಿದರು. ಪಟ್ಟಿ ಮೋಟಾರಿನ ಮೈ ಮುಟ್ಟಿದರೆ ಕಿಡಿ ಸಾಯುತ್ತದೆ. ಮುಟ್ಟದ ಹಾಗೆ ನಡುವೆ ಒಂದು ಬಿದಿರಿನ ಚಕ್ಕೆ ಸಿಕ್ಕಿಸಿದರು. ಚಕ್ಕೆಗೆ ಹುರಿನೂಲು ಕಟ್ಟಿ, ನೂಲಿನ ಇನ್ನೊಂದು ತುದಿಯನ್ನು ನನ್ನ ಮಣಿಕಟ್ಟಿಗೆ ಬಿಗಿದರು.

"ನೀರಿಗೆ ಬಿದ್ದೆ ಅಂತ ಇಟ್ಕೋ. ನೂಲು ಚಕ್ಕೇನ ಕೀಳ್ತದೆ, ಮೋಟಾರ್ ನಿಲ್ತದೆ. ಇಲ್ಲಾಂದ್ರೆ ಅದು ಸುತ್ತು ಹೊಡ್ಕೊಂಡು ವಾಪಸ್ ಬಂದು ನಿನ್ನ ತಲೆ ಮೇಲೇ ಫ್ಯಾನ್ ಆಡಿಸ್ತದೆ."

ಅಂಥದೊಂದು ಏರ್ಪಾಟು ಬೇರೆ ದೇಶಗಳ ದೋಣಿಗಳಲ್ಲೂ ಇರುತ್ತದೆಂದು ನಾನು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಮೇಸ್ತ್ರಿಗೆ ಅದನ್ನು ಕಲಿಸಿದ್ದು ಪಕ್ಕದ ಮನೆಯ ಮಗ್ಗ.

ಸುಟ್ಟ ಚಕ್ರದ ಬದಲು ಹೊಸದು ಮದರಾಸಿನಿಂದ ಬರಬೇಕಿತ್ತು. ಅದು ಬರುವ ಸೂಚನೆಯಿರಲಿಲ್ಲ. ಮೇಸ್ತ್ರಿ ಲಾರಿಯ ಟೈರಿನ ರಬ್ಬರು ಕೊಯ್ದು, ಎರಡು ದಿನ ಉಜ್ಜಿ, ಕೈಯಿಂದಲೇ ಒಂದು ಚಕ್ರ ಮಾಡಿದರು. ಡ್ರಮ್ಮಿನಲ್ಲಿ ಮೋಟಾರು ಚೆನ್ನಾಗಿಯೇ ಓಡಿತು. ನನಗೆ ಕುಣಿಯುವಂತಾಯಿತು.

ಅದೇ ಸಂಜೆ ಸಂಘದ ಕಾರ್ಯದರ್ಶಿ ಒಂದು ಕಾಗದ ಹಿಡಿದುಕೊಂಡು ಬಂದರು. 'ಮೋಟಾರು ಸುಸ್ಥಿತಿಯಲ್ಲಿದೆ, ಪ್ರಯಾಣಕ್ಕೆ ಯೋಗ್ಯವಾಗಿದೆ' ಎಂದು ಬೆರಳಚ್ಚು ಮಾಡಿಸಿದ್ದರು. ಕೆಳಗೆ ಮೇಸ್ತ್ರಿಯ ಸಹಿ ಬೇಕು. ಮೊದಲ ಸುತ್ತಿಗೆ ಶಾಲೆಯ ಹನ್ನೆರಡು ಮಕ್ಕಳನ್ನು ಕೂರಿಸುವುದೆಂದು ತೀರ್ಮಾನವಾಗಿತ್ತು.

ಮೇಸ್ತ್ರಿ ಕಾಗದ ಓದಿ ವಾಪಸು ಕೊಟ್ಟರು. "ಇದು ಟೈರ್ ಚೂರು ಸ್ವಾಮಿ. ಹತ್ತು ನಿಮಿಷ ಓಡ್ತದೆ, ಇಪ್ಪತ್ತು ನಿಮಿಷ ಓಡ್ತದೋ ಇಲ್ವೋ ನಂಗೊತ್ತಿಲ್ಲ. ಗೊತ್ತಿಲ್ದೇ ಇರೋದಕ್ಕೆ ಸೈನ್ ಹಾಕಲ್ಲ."

"ಅಯ್ಯೋ, ಒಂದು ಸುತ್ತಲ್ವಾ ಮೇಸ್ತ್ರಿ? ಈ ಹುಡುಗನ ಕೆಲ್ಸದ ಪ್ರಶ್ನೆ."

"ಹೊಸ ರಬ್ಬರ್ ಬರ್ಲಿ."

"ಜನಕ್ಕೆಲ್ಲ ಹೇಳಾಗಿದೆ! ಗೌಡ್ರು ಏನಂತಾರೆ?"

"ಏನಂತಾರೋ ನೀವೇ ಕೇಳ್ಕೊಂಡು ಬನ್ನಿ."

ಕಾರ್ಯದರ್ಶಿ ಗೊಣಗುತ್ತ ಹೋದ ಮೇಲೆ ನಾನು ಮೇಸ್ತ್ರಿಯ ಮುಂದೆ ಕುಕ್ಕರಿಸಿದೆ. ಬೇಡಿಕೊಂಡೆ. ಅಣ್ಣಂದಿರ ಮನೆಯ ಸಂಗತಿಯನ್ನೂ ಹೇಳಿಬಿಟ್ಟೆ. ಕಣ್ಣಲ್ಲಿ ನೀರೂ ಬಂತು. ಅವರು ಕೇಳಿಸಿಕೊಂಡರು. ಒಂದು ಬಿಳಿ ಕಾಗದ ತೆಗೆದು, ಸೀಸದ ಕಡ್ಡಿಯಿಂದ ದಪ್ಪ ಅಕ್ಷರಗಳಲ್ಲಿ ಬರೆದರು: 'ಮೋಟಾರು ಓಡುತ್ತದೆ. ಜನ ಕೂರಿಸಬಾರದು.' ಕೆಳಗೆ ಸಹಿ.

"ಇದನ್ನ ಗೌಡ್ರ ಕೈಗೆ ಕೊಡು."

"ಕೊಟ್ರೆ ನನ್ನ ಕೆಲ್ಸ ಹೋಯ್ತು. ರಬ್ಬರ್ ಯಾಕೆ ಸುಟ್ಟಿತು ಅಂತ ಕೇಳ್ತಾರೆ."

"ಕೇಳ್ತಾರೆ."

"ನೀವೇ ಏನಾದ್ರೂ ಹೇಳ್ಬಿಡಿ ಅಣ್ಣಾ. ಹಳೇ ಮಾಲು, ಬರೋವಾಗ್ಲೇ ಹಂಗಿತ್ತು ಅಂತ."

ಅವತ್ತೊಂದೇ ಸಲ ಅಣ್ಣಾ ಎಂದದ್ದಕ್ಕೂ ಅವರು ಕರಗಲಿಲ್ಲ. "ನಾನು ನಿನ್ನ ಮೇಲೆ ಚಾಡಿ ಹೇಳಲ್ಲ. ನಿನಗೋಸ್ಕರ ಸುಳ್ಳೂ ಹೇಳಲ್ಲ. ಮಧ್ಯದಲ್ಲಿ ಏನುಳೀತೋ ಅದನ್ನ ನೀನು ಹೇಳು."

ಉದ್ಘಾಟನೆಯ ದಿನ ಬೆಳಿಗ್ಗೆ ಕೆರೆಯ ದಡದಲ್ಲಿ ಮಾವಿನ ತೋರಣ. ಹನ್ನೆರಡು ಮಕ್ಕಳು ತಲೆಗೆ ಎಣ್ಣೆ ಹಚ್ಚಿಕೊಂಡು ಸಾಲಾಗಿ ನಿಂತಿದ್ದರು; ಕೆಲವರ ಕೈಯಲ್ಲಿ ಬಣ್ಣದ ಕಾಗದದ ಬಾವುಟ. ನನ್ನ ಜೊತೆ ಬಂದಿದ್ದ ಮೇಸ್ತ್ರಿ ದೋಣಿಯ ಹತ್ತಿರ ನಿಂತಿದ್ದರು. ಅವರು ಬರೆದ ಕಾಗದ ನನ್ನ ಜೇಬಿನಲ್ಲಿತ್ತು. ಕಾರ್ಯದರ್ಶಿ ಕಿವಿಯ ಹತ್ತಿರ ಬಂದು, "ಹರಿದು ಕೆರೆಗೆ ಹಾಕು. ಮೇಸ್ತ್ರಿ ಬಾಯಿ ನಾನು ನೋಡ್ಕೋತೀನಿ" ಎಂದರು. ಅಷ್ಟರಲ್ಲಿ ಒಂದು ಪುಟ್ಟ ಹುಡುಗಿ ದೋಣಿಯೊಳಕ್ಕೆ ಆಗಲೇ ಒಂದು ಕಾಲಿಟ್ಟು, ನನ್ನತ್ತ ತಿರುಗಿ, "ಮಾವ, ಮುಂದೆ ಕೂತ್ಕೋಬೋದಾ?" ಎಂದಳು.

ನಾನು ಅವಳನ್ನು ಎತ್ತಿ ದಡಕ್ಕಿಳಿಸಿ, ಕಾಗದವನ್ನು ಗೌಡರ ಕೈಗೆ ಕೊಟ್ಟೆ.

ಗೌಡರು ಓದಿದರು. ಮುಖ ಕೆಂಪಾಯಿತು. "ಏನ್ರೀ ಮೇಸ್ತ್ರಿ ಇದು? ಓಡುತ್ತೆ, ಕೂರಬಾರ್ದು! ಇದೇನು ದೇವರ ತೇರಾ?"

"ಓಡ್ಸಿ ತೋರಿಸ್ತೀವಿ ಗೌಡ್ರೇ. ನಾನು, ಇವನು, ಇಬ್ರೇ. ಒಂದು ಮಿಣಿ ಕೊಡ್ಸಿ."

ಕಪಿಲೆಯಲ್ಲಿ ಎತ್ತು ಹೂಡಿ ಬಾವಿಯಿಂದ ನೀರೆಳೆಯುತ್ತಿದ್ದ ಕಾಲದ ದಪ್ಪ ಹಗ್ಗಕ್ಕೆ ಮಿಣಿ ಎನ್ನುವುದು. ಪಂಪ್‌ಸೆಟ್ಟು ಬಂದ ಮೇಲೆ ಅವು ಮನೆಮನೆಯ ಅಟ್ಟ ಸೇರಿದ್ದವು. ಐದಾರು ಮನೆಯ ಮಿಣಿ ತರಿಸಿ, ಒಂದಕ್ಕೊಂದು ಗಂಟು ಹಾಕಿ, ಒಂದು ತುದಿಯನ್ನು ದೋಣಿಯ ಮೂತಿಗೆ, ಇನ್ನೊಂದನ್ನು ದಡದಲ್ಲಿ ಗೌಡರ ಜೋಡಿ ಎತ್ತಿನ ನೊಗಕ್ಕೆ ಕಟ್ಟಿಸಿದರು. ಜನಕ್ಕೆ ನಗು ತಡೆಯಲಾಗಲಿಲ್ಲ.

"ಏನ್ ಗುರು, ದೋಣಿ ಮೇಯಕ್ಕೆ ಬಿಡ್ತಿದೀರಾ?"

"ಗೂಟಾನೂ ಹೊಡ್ಕೊಳ್ಳಿ ಮೇಸ್ತ್ರಿ!"

ಮೇಸ್ತ್ರಿ ತಳದ ಹಲಗೆ ಎತ್ತಿ ಮೂಸಿದರು. ನನ್ನ ಮಣಿಕಟ್ಟಿಗೆ ನೂಲು ಕಟ್ಟಿದರು. ಮಿಣಿ ಫ್ಯಾನಿಗೆ ಸಿಕ್ಕದಂತೆ ಅದನ್ನು ಕೈಯಲ್ಲಿ ಬಿಡುತ್ತ ಮುಂದುಗಡೆ ಕೂತರು. ನಾನು ಮೋಟಾರಿನ ಹಗ್ಗ ಎಳೆದೆ.

ಎಷ್ಟು ಚೆನ್ನಾಗಿ ಹೋಯಿತು! ನೀರು ಎರಡು ಪಾಲಾಗಿ ಸೀಳಿತು, ದಡದಲ್ಲಿ ಮಕ್ಕಳ ಕೂಗು. ನನ್ನ ಎದೆ ಉಬ್ಬಿತು. ಈಗ ತಿರುಗಿಸಿಕೊಂಡು ಹೋಗಿ ದಡ ಸೇರಿದರೆ ಸಾಕು. ಕಾಗದವನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಆಗ ಮೇಸ್ತ್ರಿ ನನ್ನ ಪಕ್ಕಕ್ಕೆ ನೋಡಿ, "ನೀರು ತೊಟ್ಟಿಕ್ತಾ ಇದೆ. ನಿಲ್ಸು" ಎಂದರು.

ನನಗೂ ಕಂಡಿತ್ತು. "ಇಷ್ಟೇ ಇದೆ ಮೇಸ್ತ್ರಿ. ತಿರುಗಿಸ್ಬಿಡ್ತೀನಿ."

"ನಿಲ್ಸು."

"ಎಲ್ರೂ ನೋಡ್ತಿದಾರೆ!"

ತೊಟ್ಟಿಕ್ಕುವುದೂ ನಿಂತಿತು. ನಾನು ಇನ್ನಷ್ಟು ವೇಗ ಕೊಟ್ಟೆ. ಮೇಸ್ತ್ರಿ ಬಗ್ಗಿಕೊಂಡೇ ಬಂದು, ನನ್ನ ಮಣಿಕಟ್ಟಿನ ನೂಲು ಹಿಡಿದು ಒಂದು ಸಲ ಎಳೆದರು. ಬಿದಿರಿನ ಚಕ್ಕೆ ಹಾರಿತು. ಕೆರೆಯೆಲ್ಲ ಮೌನವಾಯಿತು.

ದಡದಲ್ಲಿ ಒಬ್ಬ ಶಿಳ್ಳೆ ಹಾಕಿದ. ಗಾಳಿ ದೋಣಿಯನ್ನು ಮೆಲ್ಲಗೆ ತಳ್ಳತೊಡಗಿತು, ಕೋಡಿಯ ಕಡೆಗೆ. ಕೋಡಿಯ ಕಲ್ಲುಗಳ ಮೇಲೆ ನೀರು ಬೀಳುವ ಮೊರೆತ ಆಗ ಕೇಳಿಸಿತು. ಅಷ್ಟು ಹೊತ್ತು ಮೋಟಾರಿನ ಸದ್ದಿನಲ್ಲಿ ನಾನದನ್ನು ಮರೆತಿದ್ದೆ. ಮೇಸ್ತ್ರಿ ಮೋಟಾರನ್ನು ನೀರಿನಿಂದ ಮೇಲೆತ್ತಿ ಮಡಚಿ, ದಡಕ್ಕೆ ಕೈ ಬೀಸಿದರು. ಎತ್ತುಗಳು ಕಪಿಲೆಯ ಇಳಿಜಾರಿನಲ್ಲಿ ನಡೆಯುವ ಹಾಗೆ ತಲೆ ತಗ್ಗಿಸಿ ನಡೆದವು. ಮಿಣಿ ಬಿಗಿಯಿತು. ಮೋಟಾರು ದೋಣಿಯನ್ನು ಬಾವಿಯಿಂದ ನೀರೆತ್ತಿದಂತೆ ಜೋಡಿ ಎತ್ತು ದಡಕ್ಕೆಳೆದು ತಂದವು.

ಈ ಸಲ ಯಾರೂ ನಗಲಿಲ್ಲ. ದೋಣಿ ಯಾವ ಕಡೆ ಹೊರಟಿತ್ತೆಂಬುದನ್ನು ಎಲ್ಲರೂ ನೋಡಿದ್ದರು. ಮಕ್ಕಳ ತಾಯಂದಿರು ಮಕ್ಕಳ ಕೈ ಹಿಡಿದುಕೊಂಡು ನಿಂತಿದ್ದರು.

"ನಿಂತೋಯ್ತಲ್ರೀ!" ಎಂದು ಕಾರ್ಯದರ್ಶಿ ಹಣೆ ಚಚ್ಚಿಕೊಂಡರು.

"ನಿಂತಿಲ್ಲ ಸ್ವಾಮಿ. ನಿಲ್ಲಿಸ್ದೆ" ಎಂದರು ಮೇಸ್ತ್ರಿ. "ಇನ್ನೊಂದು ನಿಮಿಷ ಬಿಟ್ಟಿದ್ರೆ ಅದೇ ನಿಲ್ತಿತ್ತು. ಅವಾಗ ಗುಜರಿಗೆ ಹಾಕ್ಬೇಕಿತ್ತು."

ಗೌಡರು ಕಾಗದವನ್ನು ಮತ್ತೆ ಬಿಡಿಸಿ ನೋಡಿದರು. "ಆ ರಬ್ಬರ್ ಸುಟ್ಟಿದ್ದು ಹೆಂಗೆ?"

ಮೇಸ್ತ್ರಿ ಮಿಣಿಯ ಗಂಟು ಬಿಚ್ಚುತ್ತ ಕೂತರು.

"ನಾನೇ ಸುಟ್ಟಿದ್ದು ಗೌಡ್ರೇ" ಎಂದೆ. ಗಾಡಿ, ಪೂಜೆ, ಮಂಗಳಾರತಿ, ಮೇಸ್ತ್ರಿಗೆ ಹೇಳಿದ ಸುಳ್ಳು, ಈಗ ದೋಣಿಯಲ್ಲಿ ನಿಲ್ಲಿಸು ಎಂದರೂ ನಿಲ್ಲಿಸದೆ ಹೋದದ್ದು, ಎಲ್ಲವನ್ನೂ ಹೇಳಿದೆ.

ಗೌಡರು ಕಾಗದವನ್ನು ಮಡಚಿ ಜೇಬಿಗಿಟ್ಟರು. "ಆ ಪೂಜೆಗೆ ನಾನೂ ಬಂದಿದ್ನಲ್ಲೋ. ಮಂಗಳಾರತಿ ತಗೊಂಡೆ" ಎಂದರು. ಆಮೇಲೆ ಮೇಸ್ತ್ರಿಯತ್ತ ತಿರುಗಿ, "ಇವನನ್ನ ಇಟ್ಕೊಳ್ಳೋದಾ, ಬಿಡೋದಾ?" ಎಂದು ಕೇಳಿದರು.

ಮೇಸ್ತ್ರಿ ನನ್ನ ಪರವಾಗಿ ಒಂದು ಒಳ್ಳೆಯ ಮಾತನ್ನೂ ಆಡಲಿಲ್ಲ. "ಕಾಯಂ ಮಾಡ್ಬೇಡಿ" ಎಂದರು. ಬಿಚ್ಚಿದ ಮಿಣಿಯನ್ನು ಸುತ್ತಿ ಪಕ್ಕಕ್ಕಿಟ್ಟರು. "ಒಂದು ವರ್ಷ ನೋಡೋಣ. ವಾರಕ್ಕೊಂದ್ಸಲ ಮೋಟಾರ್ ತಗೊಂಡು ನನ್ನ ಹತ್ರ ಬರ್ಲಿ. ಹೇಳ್ಕೊಡ್ತೀನಿ."

ಆ ವರ್ಷ ಪ್ರತಿ ಶನಿವಾರ ಗೋಣಿಯಲ್ಲಿ ಮೋಟಾರು ಸುತ್ತಿಕೊಂಡು ದೊಡ್ಡಬಳ್ಳಾಪುರಕ್ಕೆ ಹೋದೆ. ಬಸ್ಸಿನ ಕಂಡಕ್ಟರು ಅದಕ್ಕೆ ಸೊಸೆ ಎಂದು ಹೆಸರಿಟ್ಟಿದ್ದ: "ಸೊಸೆನ ತವರಿಗೆ ಕರ್ಕೊಂಡು ಹೊರಟ್ಯಾ?" ಮದರಾಸಿನ ರಬ್ಬರು ಬಂತು. ಮಕ್ಕಳು ದಾಟತೊಡಗಿದರು. ಮುಂದಿನ ಮಳೆಗಾಲ ಕಳೆದ ಮೇಲೆ ಮೇಸ್ತ್ರಿಯೇ ಸಂಘಕ್ಕೆ ಬಂದು, ಅದೇ ಸೀಸದ ಕಡ್ಡಿಯಲ್ಲಿ, 'ಇವನನ್ನು ಕಾಯಂ ಮಾಡಬಹುದು' ಎಂದು ಬರೆದುಕೊಟ್ಟರು. ಕಾಯಂ ಆದ ಮೇಲೂ ನನ್ನ ಶನಿವಾರಗಳು ತಪ್ಪಲಿಲ್ಲ. ಅವರ ತನಿಖೆಯೂ ತಪ್ಪಲಿಲ್ಲ. ಕೆರೆಗೆ ಬಂದಾಗಲೆಲ್ಲ ಹಲಗೆ ಎತ್ತಿಸುತ್ತಿದ್ದರು, ತಂತಿಯ ಗಂಟು ಮುಟ್ಟಿ ನೋಡುತ್ತಿದ್ದರು, ನೂಲನ್ನು ಜಗ್ಗಿ ನೋಡುತ್ತಿದ್ದರು. ಹತ್ತು ವರ್ಷ ಅವರು ನನ್ನನ್ನು ಪೂರ್ತಿ ನಂಬಲಿಲ್ಲ. ನನ್ನ ಮೇಲೆ ಅವರಿಗಿದ್ದ ಪ್ರೀತಿ ಕಾಣುತ್ತಿದ್ದದ್ದೂ ಆ ತನಿಖೆಯಲ್ಲೇ.

ಎಪ್ಪತ್ತರ ದಶಕದ ಕೊನೆಯಲ್ಲಿ ಅವರ ಎದೆ ಹಾಳಾಯಿತು. ಡಾಕ್ಟರು ಅಂಗಡಿ ಮುಚ್ಚಿಸಿದರು. ಅವರು ತೀರಿಕೊಂಡ ದಿನ ಬೀದಿಯ ಮಗ್ಗಗಳೆಲ್ಲ ನಿಂತಿದ್ದವು. ಆ ಬೀದಿಯಲ್ಲಿ ಮನುಷ್ಯರು ಮೆಲುದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದು ಅವತ್ತೇ ಮೊದಲು. ಆದರೆ ನನಗೆ ಅವರ ಕೊನೆ ಎಂದರೆ ನೆನಪಾಗುವುದು ಅದಕ್ಕೆ ಹದಿನೈದು ದಿನ ಮುಂಚಿನ ಒಂದು ಬೆಳಿಗ್ಗೆ.

ಅತ್ತಿಗೆ ಹೇಳಿ ಕಳಿಸಿದ್ದರು. "ಇಷ್ಟು ವರ್ಷ ನಿಮ್ಮ ಮೇಸ್ತ್ರಿ ದೋಣಿ ದೋಣಿ ಅಂತ ಒದ್ದಾಡಿದ್ರು. ಒಂದಿನಾನೂ ನನ್ನ ಕೂರಿಸ್ಲಿಲ್ಲ. ತಾವಾದ್ರೂ ಅದ್ರಲ್ಲಿ ಒಂದಿನ ಆರಾಮಾಗಿ ಕೂತಿಲ್ಲ. ಕರ್ಕೊಂಡೋಗಪ್ಪ ಒಂದ್ಸಲ."

ಬಾಡಿಗೆ ಕಾರು ಮಾಡಿ ಇಬ್ಬರನ್ನೂ ಕೆರೆಗೆ ಕರೆತಂದೆ. ನಸುಕಿನಲ್ಲೇ ಬಂದು ಎಲ್ಲವನ್ನೂ ನೋಡಿಟ್ಟಿದ್ದೆ. ಅವರು ಏನು ಕೇಳಿದರೂ ಉತ್ತರ ಸಿದ್ಧವಿತ್ತು. ತೋಳು ಹಿಡಿದು ಹತ್ತಿಸಿದೆ. ಮೇಸ್ತ್ರಿ ಒಂದು ಗಳಿಗೆ ದೋಣಿಯಲ್ಲಿ ನಿಂತು, ಎಲ್ಲಿ ಕೂರಲಿ ಎಂಬಂತೆ ನೋಡಿದರು. ಆಮೇಲೆ ಹೆಂಡತಿಯ ಪಕ್ಕದಲ್ಲಿ, ಮೋಟಾರಿಗೆ ಬೆನ್ನು ಮಾಡಿ ಕೂತರು.

ನಾನು ಕಾದೆ. ಅವರು ಏನೂ ಕೇಳಲಿಲ್ಲ. ಹೊರಟೆವು. ನಡುಗೆರೆಗೆ ಬಂದಾಗ ಅತ್ತಿಗೆ ಒಂದು ಕೈ ನೀರಿಗಿಳಿಸಿ ಹುಡುಗಿಯಂತೆ ನಕ್ಕರು. ಮೇಸ್ತ್ರಿಯ ತಲೆ ಮೆಲ್ಲಗೆ ವಾಲಿ ಅವರ ಭುಜದ ಮೇಲೆ ನಿಂತಿತು. ನಾನು ಗಾಬರಿಯಿಂದ ಬಗ್ಗಿ ನೋಡಿದೆ.

ಅತ್ತಿಗೆ ತುಟಿಯ ಮೇಲೆ ಬೆರಳಿಟ್ಟರು. "ನಿದ್ದೆ" ಎಂದರು. "ಓಡ್ಸಪ್ಪ ನೀನು."

ಆಚೆ ದಡ ಮುಟ್ಟಿಸದೆ, ಇನ್ನೊಂದು ಸುತ್ತು ಹಾಕಿದೆ.